ಹೆಚ್ಚಿದ ಬಾವಿ

ಫೆಬ್ರುವರಿ ೩, ಸೋಮವಾರ

ಬೆಳೆಯ ಔಷಧದ ಅಂಗಡಿಯವರು ಮಗ ಶಿವಯೋಗೀಶನಿಗೆ ಕೊಟ್ಟ ಡೈರಿ ಇದು. ಒಂದೊಂದು ಪುಟದ ತಲೆಯ ಮೇಲೂ ಎಲೆರೋಗದ ಚಿತ್ರ. ಅವನು ಒಂದು ತಿಂಗಳು ಇದನ್ನು ಕಿಟಕಿ ಬಡಿಯದ ಹಾಗೆ ಒತ್ತು ಕೊಟ್ಟು ಇಟ್ಟಿದ್ದ. ನಾನು ತೆಗೆದುಕೊಂಡೆ. ನಾಲ್ಕನೆಯ ಇಯತ್ತೆ ಕಲಿತವಳು ನಾನು, ಅಕ್ಷರ ದುಂಡಗಿವೆ ಅಂತ ಮಾಸ್ತರು ಹೇಳುತ್ತಿದ್ದರು. ಬಾಯಿಂದ ಬಂದದ್ದಕ್ಕೆ ಮನೆಯಲ್ಲಿ ಜಗಳವಾಗುತ್ತದೆ. ಕೈಯಿಂದ ಬಂದದ್ದನ್ನು ಯಾರೂ ಓದುವುದಿಲ್ಲ.

ಇಂದು ಮೋಟರು ಕೆಮ್ಮಿತು. ಹಿರೇಬಾವಿಯಿಂದ ಮೊದಲು ರಾಡಿ ಬಂತು, ಆಮೇಲೆ ಗಾಳಿ ಬಂತು, ಆಮೇಲೆ ಶಿವಯೋಗೀಶ ಮೋಟರು ಬಂದ್ ಮಾಡಿದ. ಸುತ್ತಲಿನವರೆಲ್ಲ ಬೋರು ಕೊರೆದು ಕೊರೆದು ನೆಲದ ಹೊಟ್ಟೆಯನ್ನು ಜರಡಿ ಮಾಡಿದ್ದಾರೆ. ನಮ್ಮ ಮೂರು ಎಕರೆ ದ್ರಾಕ್ಷಿ ನಿಂತಿರುವುದು ಆ ಒಂದು ಬಾವಿಯ ಮೇಲೆ. ತಿನ್ನುವ ದ್ರಾಕ್ಷಿಯಲ್ಲ, ವೈನು ಮಾಡುವ ಸಣ್ಣ ಕರಿಕಾಯಿ. ತೊಗಲು ದಪ್ಪ, ಬೀಜ ದೊಡ್ಡದು, ರಸ ಕಡಿಮೆ. ಊರಿಗೆ ಇದನ್ನು ತಂದ ಕುಬೇರಪ್ಪನ ಹಾಗೆಯೇ. ಅವನೀಗ ಬೆಳೆಗಾರರ ಸಂಘದ ಅಧ್ಯಕ್ಷ.

ಸೊಸೆ ಬಾವಿಯ ಕಟ್ಟೆಗೆ ನಿಂತು, "ಅತ್ತಿ, ನೀರು ಮುಗದಾವ್ರಿ" ಅಂದಳು.

"ಮುಗದಾವ, ಖಾಲಿ ಆಗ್ಯಾವ, ಇಲ್ಲ, ಇವೇನು ಮನಿತನಸ್ಥರ ಬಾಯಾಗ ಬರೂ ಮಾತೇನ? ಹೆಚ್ಚ್ಯಾವ ಅನ್ನು" ಅಂದೆ.

ಅಕ್ಕಿ ತೀರಿದರೆ ಹೆಚ್ಚಿದವು ಅನ್ನಬೇಕು. ಬಳೆ ಒಡೆದರೂ ಹೆಚ್ಚಿದವು. ನನ್ನತ್ತೆ ಕಲಿಸಿದ್ದು. ಇಲ್ಲ ಅಂದರೆ ಇಲ್ಲವೇ ಆಗಿಬಿಡುತ್ತದೆ. ಸೊಸೆ ಹನ್ನೆರಡು ವರ್ಷದಿಂದ ಈ ಮನೆಯಲ್ಲಿದ್ದಾಳೆ, ಇನ್ನೂ ನಾಲಿಗೆ ತಿರುಗಿಲ್ಲ. ಹೆಸರು ನಾಗರತ್ನಾ. ಹೆಸರಿನಲ್ಲಿ ರತ್ನ ಇದ್ದರೆ ಸಾಕೆ?

ಬಾವಿಯ ಮೇಲೆ ತಗಡು ಮುಚ್ಚಿಸಿದೆ. ಕರು ಬೀಳುತ್ತದೆ ಅಂತ ಹೇಳಿದ್ದೇನೆ.

ಫೆಬ್ರುವರಿ ೧೧, ಮಂಗಳವಾರ

ನೀರಿನ ಯೋಜನೆಯವರು ಬಂದಿದ್ದರು. ಹುಬ್ಬಳ್ಳಿ-ಧಾರವಾಡದವರು ಬಳಸಿ ಬಿಟ್ಟ ನೀರನ್ನು ತೊಳೆದು, ಸೋಸಿ, ದ್ರಾಕ್ಷಿ ಹೊಲಗಳಿಗೆ ಕೊಡುತ್ತಾರಂತೆ. ಗುಡ್ಡದ ಮೇಲೆ ಟಾಕಿ ಕಟ್ಟಿದ್ದಾಗಿದೆ. ದೊಡ್ಡ ಪೈಪು ನಮ್ಮ ಹೊಲದ ಬದುವಿನ ಗುಂಟ ಹೋಗಿದೆ. ಯಾರಿಗೆ ನೀರಿನ ಗರಜು ಇದೆ ಅಂತ ಹೊಲ ಹೊಲ ನೋಡಿ ಪಟ್ಟಿ ಮಾಡುತ್ತಿದ್ದಾರೆ.

ಸಂಘದ ಸಭೆಯಲ್ಲಿ ಕುಬೇರಪ್ಪ, "ಮಳಿ ತಪ್ಪಬಹುದು, ಪ್ಯಾಟಿ ಮಂದಿ ಜಳಕಾ ತಪ್ಪಸೂದಿಲ್ಲ. ಇದಕ್ಕಿಂತ ಖಾತ್ರಿ ನೀರು ಎಲ್ಲಿ ಸಿಗತೈತಿ?" ಅಂದನಂತೆ. ಆ ಮಾತು ಖರೆ, ಅವನು ಆಡಿದ್ದಾದರೂ. ಹುಬ್ಬಳ್ಳಿ ಕಡೆಯ ಬೈರಿದೇವರಕೊಪ್ಪದವರು ಮಿಂದ ನೀರು ನಮ್ಮ ಬಳ್ಳಿಗೆ, ಬಳ್ಳಿಯ ರಸ ಮತ್ತೆ ಅವರ ಹೊಟ್ಟೆಗೆ. ತಮ್ಮ ಮೈಕೊಳೆಗೆ ತಾವೇ ರೊಕ್ಕ ಕೊಡುವ ಮಂದಿ.

ಬಂದವಳು ವಿದ್ಯಾ ಅಂತ ಒಬ್ಬ ಹುಡುಗಿ. ಕೋಲಾರದ ಕಡೆಯವಳು, ಮಾತು ಪುಸ್ತಕದ ಹಾಗೆ. ಶಿವಯೋಗೀಶ ಕಾಯಿ ತುಂಬುವ ಪೆಟ್ಟಿಗೆ ತರಲು ಧಾರವಾಡಕ್ಕೆ ಹೋಗಿದ್ದ. ನಾನೇ ಕೂತು ಎಲ್ಲ ಹೇಳಿದೆ. ಎಷ್ಟು ಎಕರೆ, ಎಷ್ಟು ಬಳ್ಳಿ, ಹಂದರ ಹಾಕಿ ಎಷ್ಟು ವರ್ಷ.

"ಅಜ್ಜಿ, ಬಾವಿಯಲ್ಲಿ ನೀರು ಹೇಗಿದೆ?" ಅಂತ ಕೇಳಿದಳು.

"ಹೆಚ್ಚ್ಯಾವವ್ವಾ."

"ಹೆಚ್ಚಾಗಿದೆ ಅಂತ ಹಾಕಿಕೊಳ್ಳಲಾ?"

"ಹಾಕ್ಕೋ. ಒಂದ ಮಾತು ಎಷ್ಟ ಸಲ ಹೇಳ್ಲಿ?"

ಸೊಸೆ ಚಹಾ ತಂದವಳು ಬಾಗಿಲಲ್ಲೇ ನಿಂತು, "ಮೇಡಮ್ಮಾರ, ಹಂಗಂದ್ರ..." ಅಂತ ಸುರು ಮಾಡಿದಳು. "ಹಿರ್ಯಾರು ಮಾತಾಡೂ ಮುಂದ ನಿನಗ ಯಾರು ಕೇಳ್ಯಾರ? ಚಹಾ ಇಟ್ಟು ನಡಿ" ಅಂದೆ. ಇಟ್ಟು ನಡೆದಳು. ಕಪ್ಪು ಕುಕ್ಕಿದಳು, ಅದೂ ಲೆಕ್ಕಕ್ಕಿದೆ.

ಹುಡುಗಿ ಬಾವಿ ನೋಡಬೇಕು ಅಂದಳು. ತಗಡು ಯಾಕೆ ಅಂದಳು. ಕರು ಅಂದೆ. ತಗಡಿನದೇ ಫೋಟೋ ತೆಗೆದುಕೊಂಡಳು. ಹೆಬ್ಬೆಟ್ಟು ಒತ್ತಲು ಮಸಿ ತೆಗೆಯುತ್ತಿದ್ದಳು, ನಾನು ಪೆನ್ನು ಇಸಿದುಕೊಂಡು ಪೂರಾ ಹೆಸರು ಬರೆದೆ. ಬೆರಗಾದಳು ನೋಡು. ಪಾಪ, ಛಲೋ ಹುಡುಗಿ.

ಫೆಬ್ರುವರಿ ೨೬, ಬುಧವಾರ, ಶಿವರಾತ್ರಿ

ಉಪವಾಸ. ಆದರೂ ಬರೆಯುತ್ತೇನೆ.

ಕೊಯ್ಲು ಮುಗಿಯಿತು. ಕಾಯಿ ಹೋದ ವರ್ಷಕ್ಕಿಂತ ಸಣ್ಣವು. ವೈನಿನ ಕಂಪನಿಯವನು ಒಂದು ಕಾಯಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಆಮೇಲೆ ಉಗುಳಿದ. ಬೆಳೆದವರ ಎದುರಿಗೆ ಉಗುಳುವ ಈ ಉದ್ಯೋಗ ನನಗೆ ಇನ್ನೂ ಹಿಡಿಸಿಲ್ಲ. "ಬಳ್ಳಿ ಬಾಯಾರ್ಯಾವ್ರಿ" ಅಂತ ಶಿವಯೋಗೀಶನಿಗೆ ಹೇಳಿದನಂತೆ. ಬಾಯಾರಿದ್ದು ನಮಗೂ ಕಾಣುತ್ತದೆ.

ಏಪ್ರಿಲ್‌ನಲ್ಲಿ ಚಾಟ್ನಿ ಆಗಬೇಕು. ಹಳೆಯ ಬಳ್ಳಿ ಕತ್ತರಿಸಿ ಹೊಸ ಕುಡಿ ಬರಿಸುವುದಕ್ಕೆ ಹಾಗನ್ನುತ್ತಾರೆ. ಕತ್ತರಿಸಿದ ಮೇಲೆ ನೀರು ಕೊಡಲೇಬೇಕು. ಕೊಡದಿದ್ದರೆ ಮುಂದಿನ ಫಸಲಷ್ಟೇ ಅಲ್ಲ, ಬಳ್ಳಿಯೇ ಹೋಗುತ್ತದೆ. ಬರುವ ಪೈಪಿನ ನೀರನ್ನು ನಂಬಿ ಮಗ ಧೈರ್ಯದಿಂದಿದ್ದಾನೆ.

ಮಠದಲ್ಲಿ ಕುಬೇರಪ್ಪ ಸಿಕ್ಕಿದ್ದ. "ಶರಣ್ರಿ ಈರವ್ವಾರ" ಅಂದು ಮುಂದೆ ಹೋದ. ಮೊದಲು ಚಿಕ್ಕಮ್ಮನಿಗೆ ಅನ್ನುವ ಹಾಗೆ ಚಿಗವ್ವ ಅನ್ನುತ್ತಿದ್ದ. ಅವನ ತಾಯಿ ಮತ್ತು ನಾನು ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಒಂಬತ್ತು ವರ್ಷದ ಹಿಂದೆ ಅವನು ಊರಿಗೆ ವೈನಿನ ದ್ರಾಕ್ಷಿ ತಂದಾಗ, ಇದೇ ಮಠದ ಕಟ್ಟೆಯ ಮೇಲೆ, ಎಲ್ಲರ ಎದುರಿಗೆ, "ಕೊರಳಾಗ ಲಿಂಗ, ಹೊಲದಾಗ ಸೆರಿ" ಅಂದಿದ್ದೆ. ಸೆರೆ ಅಂದರೆ ಹೆಂಡ ಅನ್ನುವುದು ಎಲ್ಲರಿಗೂ ಗೊತ್ತು, ನಕ್ಕರು. ನಾಲ್ಕು ವರ್ಷಕ್ಕೆ ನನ್ನ ಮಗನೂ ಅದನ್ನೇ ಹಚ್ಚಿದ. ನಾನು ಏನೂ ಅನ್ನಲಿಲ್ಲ.

ಮಾರ್ಚ್ ೧೦, ಸೋಮವಾರ

ಸಂಘದ ಗೋಡೆಗೆ ಪಟ್ಟಿ ಹಚ್ಚಿದ್ದಾರೆ. ಮೂವತ್ತೊಂಬತ್ತು ಹೊಲ. ನಮ್ಮದು ಅದರಲ್ಲಿಲ್ಲ.

ಶಿವಯೋಗೀಶ ಗಾಡಿ ತೆಗೆದುಕೊಂಡು ಧಾರವಾಡದ ಆಫೀಸಿಗೆ ಹೋದ. ಹೊತ್ತು ಇಳಿಯುವ ಮುಂದೆ ಬಂದ. ಕಾಲು ತೊಳೆಯದೆ ಪಡಸಾಲೆಯಲ್ಲಿ ಕೂತ.

"ಯವ್ವಾ, ಆ ಹುಡಿಗೀಗೆ ನೀ ಏನ ಹೇಳಿದ್ದಿ?"

"ಏನ ಹೇಳಬೇಕೋ ಅದನ್ನ ಹೇಳೇನಿ."

"ಬಾವ್ಯಾಗ ನೀರು ಹೆಚ್ಚು ಅಂತ ಬರದೈತಿ. ಕೆಳಗ ನಿನ್ನ ಸಹಿ ಐತಿ. ನೀರು ಹೆಚ್ಚಿದ್ದವರಿಗೆ ಪೈಪಿನ ನೀರು ಯಾಕ ಅಂದ್ರು. ನಾ ಏನ ಹೇಳ್ಲಿ?"

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಕೂಡಲೇ ದನಿ ಏರಿಸಿದೆ. "ಕನ್ನಡ ಬರಲಾರದವರನ್ನ ಕನ್ನಡ ನಾಡಿನ್ಯಾಗ ಯಾಕ ಕಳಸ್ತಾರ ಅವರು? ಹೆಚ್ಚ್ಯಾವ ಅಂದ್ರ ಏನಂತ ಹಾಲು ಕುಡಿಯೂ ಕೂಸಿಗೂ ಗೊತ್ತೈತಿ" ಅಂದೆ.

"ಅಕಿಗೆ ಗೊತ್ತಿದ್ದಿಲ್ಲ."

"ಹಂಗಾರ ಇಕಿ ಇದ್ದಳಲ್ಲ ನಿನ್ನ ಹೇಣ್ತಿ, ಬಾಗಲದಾಗ ಗೊಂಬಿ ನಿಂತಂಗ ನಿಂತಿದ್ದಳು. ಬಿಡಿಸಿ ಹೇಳಾಕ ಏನಾಗಿತ್ತು?"

ಸೊಸೆ ಪಾತ್ರೆ ತೊಳೆಯುತ್ತಿದ್ದಳು. ನೀನೇ ನನ್ನ ಬಾಯಿ ಮುಚ್ಚಿಸಿದೆ ಅಂದಿದ್ದರೆ ನಾನು ಇನ್ನೂ ನಾಲ್ಕು ಮಾತು ಆಡಬಹುದಿತ್ತು. ಅನ್ನಲಿಲ್ಲ. ಒಂದೇ ತಂಬಿಗೆಯನ್ನು ಮತ್ತೆ ಮತ್ತೆ ತೊಳೆದಳು.

ತಪ್ಪು ಆ ಹುಡುಗಿಯದು. ಬರೆದಿಡುತ್ತೇನೆ.

ಮಾರ್ಚ್ ೧೨, ಬುಧವಾರ

ಮನೆಯಲ್ಲಿ ಮೂವರಿದ್ದೇವೆ. ಇಂದು ಆಕಳು ಮಾತ್ರ ಒದರಿತು.

ಮಾರ್ಚ್ ೧೮, ಮಂಗಳವಾರ

ನಾನೇ ಆಫೀಸಿಗೆ ಹೋಗುತ್ತೇನೆ ಅಂದೆ. ಶಿವಯೋಗೀಶ ಬರುವುದಿಲ್ಲ ಅಂದ. ಸೊಸೆ ಸೀರೆ ಬದಲಿಸಿ ಬಂದು ನಿಂತಳು. ಅಮ್ಮಿನಬಾವಿ ಊರಿನ ಮೇಲಿಂದ ಬರುವ ಬಸ್ಸು ತುಂಬಿತ್ತು. ಒಂದು ಸೀಟು ಸಿಕ್ಕಿತು, ನನ್ನನ್ನು ಕೂಡಿಸಿ ತಾನು ಕಂಬ ಹಿಡಿದು ನಿಂತಳು.

ಆಫೀಸು ಧಾರವಾಡದ ಮಾಳಮಡ್ಡಿಯಲ್ಲಿ, ಹಳೆಯ ಮನೆಯೊಂದರ ಅಟ್ಟದ ಮೇಲೆ. ಹತ್ತುವ ಮೊದಲು ಏನೇನು ಅನ್ನಬೇಕು ಅಂತ ಎಲ್ಲ ಜೋಡಿಸಿಕೊಂಡಿದ್ದೆ. ವಿದ್ಯಾ ನನ್ನನ್ನು ಕಂಡ ಕೂಡಲೇ ಎದ್ದು ನಿಂತಳು.

"ಅಜ್ಜಿ, ನಮ್ಮ ಕಡೆ ಹೆಚ್ಚು ಅಂದರೆ ಹೆಚ್ಚೇ. ನಾನು ಎರಡು ಸಲ ಕೇಳಿದೆನಲ್ಲ. ನೀವು ಹಾಕಿಕೋ ಅಂದಿರಿ."

ಎರಡು ಸಲ ಕೇಳಿದ್ದು ಖರೆ. ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ. "ಕೇಳಿದ್ದಿ" ಅಂದೆ.

ಒಳಗಿನ ಸಾಹೇಬ ಕೆಟ್ಟವನಲ್ಲ. ಹಾಳೆಯ ಮೇಲೆ ಗೆರೆ ಹೊಡೆದು ತಿಳಿಸಿ ಹೇಳಿದ. ಗುಡ್ಡದ ಟಾಕಿಯಿಂದ ವಾರಕ್ಕೆ ಎಪ್ಪತ್ತೆಂಟು ತಾಸು ನೀರು. ಮೂವತ್ತೊಂಬತ್ತು ಹೊಲಕ್ಕೆ ಎರಡೆರಡು ತಾಸಿನ ಪಾಳಿ. ನಲವತ್ತನೆಯ ಹೊಲ ಸೇರಬೇಕಾದರೆ ಉಳಿದವರೆಲ್ಲ ತಮ್ಮ ಪಾಳಿಯಿಂದ ಮೂರು ಮೂರು ನಿಮಿಷ ಬಿಟ್ಟುಕೊಡಬೇಕು. ಎಲ್ಲರ ಸಹಿ ಬೇಕು, ಏಪ್ರಿಲ್ ೫ರೊಳಗೆ. ಒಂದು ಕಡಿಮೆಯಾದರೂ ನಡೆಯುವುದಿಲ್ಲ. ತಪ್ಪಿದರೆ ಮುಂದಿನ ಹಂತ, ಅದಕ್ಕೆ ಎರಡು ವರ್ಷ.

"ಎರಡ ವರ್ಷ ಬಳ್ಳಿ ಕಾಯೂದಿಲ್ರಿ ಸಾಹೇಬರ" ಅಂತ ನಾಗರತ್ನಾ ಹೇಳಿದಳು. ಯಾವ ಬಳ್ಳಿಗೆ ಎಷ್ಟು ದಿನಕ್ಕೆ ಎಷ್ಟು ನೀರು ಬೇಕು, ಯಾವ ಸಾಲು ಈಗಾಗಲೇ ಸೊರಗಿದೆ, ಎಲ್ಲ ಬೆರಳು ಮಡಚಿ ಹೇಳಿದಳು. ಸಾಹೇಬ ಬರೆದುಕೊಂಡ. ಐದು ವರ್ಷ ಒಂದೊಂದು ಬಳ್ಳಿಯನ್ನೂ ಹಂದರಕ್ಕೆ ಕಟ್ಟಿದವಳು ಅವಳೇ. ಇಷ್ಟು ತಿಳಿದಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ.

ತಿರುಗಿ ಬರುವಾಗ ಎರಡು ಸೀಟು ಸಿಕ್ಕವು.

ಮಾರ್ಚ್ ೨೪, ಸೋಮವಾರ

ಹೋದ ವಾರ ಶಿವಯೋಗೀಶ ಸಹಿ ಕೇಳಲು ಹೋಗಿ ಬರಿಗೈಯಲ್ಲಿ ಬಂದ. ಎಲ್ಲರದೂ ಒಂದೇ ಮಾತಂತೆ. "ನಿಮ್ಮವ್ವ ಬಂದ ಕೇಳ್ಲಿ."

ನನ್ನ ಎಪ್ಪತ್ತೊಂದು ವರ್ಷದಲ್ಲಿ ಯಾರ ಮನೆಯ ಹೊಸ್ತಿಲಲ್ಲೂ ನಿಂತು ಕೇಳಿದವಳಲ್ಲ. ಕೇಳಿದವರಿಗೆ ಕೊಟ್ಟಿದ್ದೇನೆ, ಕೊಡುವಾಗ ಒಂದು ಮಾತು ಸೇರಿಸಿ ಕೊಟ್ಟಿದ್ದೇನೆ. ಈ ನಾಲ್ಕು ದಿನದಲ್ಲಿ ಆ ಮಾತುಗಳೆಲ್ಲ ಒಂದೊಂದಾಗಿ ಎದುರಿಗೆ ಬಂದು ನಿಂತವು. ನಾನು ಮರೆತಿದ್ದೆ. ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು.

ಮೊದಲು ನಾಗರತ್ನಾ ಮತ್ತು ನಾನು ಹುಸೇನಬಾಷಾನ ಹೊಲಕ್ಕೆ ಹೋದೆವು. ಕಾಗದ ಕೈಗೆ ತೆಗೆದುಕೊಂಡು, "ದೊಡ್ಡವ್ವಾರ, ನನ್ನ ಎತ್ತಿಗೆ ಕುಂಟ ಅಂದಿದ್ರಿ ನೆನಪೈತೇನ್ರಿ? ಸಂತ್ಯಾಗ, ಗಿರಾಕಿ ಮುಂದ" ಅಂದ.

"ಎತ್ತು ಕುಂಟ ಇತ್ತಲ್ಲೋ."

"ಇತ್ರಿ. ನೀವು ಅನ್ನೂ ತನಕ ಯಾರಿಗೂ ಕಂಡಿದ್ದಿಲ್ಲ ಅಷ್ಟ." ನಕ್ಕು ಸಹಿ ಹಾಕಿದ. ಅವನ ಹೆಂಡತಿ ಮಜ್ಜಿಗೆ ಕೊಟ್ಟಳು.

ಎಲ್ಲರೂ ಹುಸೇನಬಾಷಾ ಅಲ್ಲ. ಸೋಮಪ್ಪನ ಹೊಲ ನಮ್ಮ ಹೊಲಕ್ಕೆ ಹತ್ತಿಯೇ ಇದೆ. ಅವನು ಮೂರು ಸಲ ಅಡ್ಡಾಡಿಸಿದ. ಅವನ ಮಗಳನ್ನು ನೋಡಲು ಬಂದವರ ಎದುರಿಗೆ ನಾನು ಏನೋ ಅಂದಿದ್ದೆನಂತೆ, ಆ ಮಾತು ಮುರಿಯಿತಂತೆ. ಏನು ಅಂದೆ ಅಂತ ಕೇಳಿದೆ. "ಹೊಳ್ಳಿ ಹೇಳಾಕ ನನಗ ನಾಲಿಗಿ ಏಳೂದಿಲ್ರಿ" ಅಂದ. ಮೂರನೆಯ ಸಲ ಸಹಿ ಹಾಕಿದ. ನನ್ನ ಮುಖ ನೋಡಲಿಲ್ಲ.

ಮೂವತ್ತಮೂರು ಸಹಿ ಆದವು. ಉಳಿದ ಆರರಲ್ಲಿ ಒಬ್ಬ ಕುಬೇರಪ್ಪ. ಮಿಕ್ಕ ಐವರು ಅವನು ಹಾಕಿದರೆ ಹಾಕುವವರು.

ಮೊಣಕಾಲು ಬಾತಿವೆ. ನಾಗರತ್ನಾ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿದಳು. ಬಿಗಿ ಆಯಿತು ಅಂದೆ, ಸಡಿಲು ಮಾಡಿದಳು. ಈಗ ಸರಿಯಾಗಿದೆ.

ಮಾರ್ಚ್ ೨೭, ಗುರುವಾರ

ಕುಬೇರಪ್ಪನ ಮನೆ. ಕುರ್ಚಿ ಹಾಕಿಸಿದ, ನೀರು ಕೊಡಿಸಿದ. ಕಾಗದ ಓದಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡ.

"ಈರವ್ವಾರ, ಒಂದ ಮಾತು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಬಾವ್ಯಾಗ ನೀರು ಐತೋ ಇಲ್ಲೋ? ಕಾಗದದಾಗ ಹೆಚ್ಚೈತಿ. ಬಾವಿ ಮ್ಯಾಲ ತಗಡ ಐತಿ. ಮಂದಿ ನನ್ನ ಕೇಳ್ತಾರ, ಇದ್ದವರಿಗೆ ನಮ್ಮ ಪಾಳಿ ಯಾಕ ಕೊಡೂದು ಅಂತ. ನಾ ಏನ ಹೇಳ್ಲಿ?"

"ನಿನಗ ಗೊತ್ತಿಲ್ಲೇನ ಹೆಚ್ಚ್ಯಾವ ಅಂದ್ರ ಏನಂತ? ನೀನೂ ಕೋಲಾರದಾವೇನ?"

"ನನಗ ಗೊತ್ತೈತ್ರಿ. ಆದ್ರ ಸಹಿ ಹಾಕೂ ಕಾಗದಕ್ಕ ಗೊತ್ತಿಲ್ಲ. ತಗಡ ತಗೀರಿ. ಎಲ್ಲಾರೂ ಬರ್ತೀವಿ, ನೋಡ್ತೀವಿ. ಆಫೀಸಿನವರೂ ಬರ್ಲಿ. ನೀವು ನಿಮ್ಮ ಬಾಯಿಲೆ ಹೇಳ್ರಿ."

"ನನ್ನ ಮಾನ ತಗೀಬೇಕು ಅಂತ ಒಂಬತ್ತ ವರ್ಷದಿಂದ ಕಾದಿ ಹೌದಲ್ಲ?"

ಅವನು ಕಾಗದ ತಿರುಗಿ ನನ್ನ ಕೈಗೆ ಕೊಟ್ಟ. ಆಮೇಲೆ ಮೆತ್ತಗೆ ಹೇಳಿದ. "ನೀವು ಮಠದ ಕಟ್ಟಿ ಮ್ಯಾಲ ಅಂದ ಮಾತು ನನಗ ಹತ್ತಲಿಲ್ರಿ. ನಾ ಗಂಡಸು, ಹೊಲಕ್ಕ ಹೋದೆ, ಮರತೆ. ನಮ್ಮವ್ವ ಕೇಳಿಸ್ಕೊಂಡಳು. ಅವತ್ತಿಂದ ಸಾಯೂ ತನಕ ಮಠಕ್ಕ ಹೋಗಲಿಲ್ಲ. ಎರಡ ವರ್ಷ. ಯಾಕ ಅಂತ ನೀವು ಒಮ್ಮೆನೂ ಕೇಳಲಿಲ್ಲ."

ಮೊಣಕಾಲು ನೋವು ಅಂತ ಅವಳು ಬರುತ್ತಿಲ್ಲ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಿತ್ತು.

ಎದ್ದು ಬಂದೆ.

ಮಾರ್ಚ್ ೩೦, ರವಿವಾರ, ಯುಗಾದಿ

ಬೇವು ಬೆಲ್ಲ ಆಯಿತು. ಹೋಳಿಗೆಗೆ ಹೂರಣ ನಾಗರತ್ನಾಳೇ ಕಟ್ಟಿದಳು. ಛಲೋ ಆಗಿತ್ತು, ಅಂದೆ ಕೂಡ.

ಶಿವಯೋಗೀಶ ಊಟ ಮಾಡುತ್ತ, "ಬೇರ ಕಿತ್ತಸಿ ಕಡ್ಲಿ ಬಿತ್ತೂಣು. ಹಂದರದ ಕಲ್ಲು ತಂತಿ ಯಾರಿಗಾರ ಬೇಕಾಗ್ತಾವ" ಅಂದ. ನಾಗರತ್ನಾ ಎಲೆಯ ಮುಂದಿನಿಂದ ಎದ್ದು ಹೊಲಕ್ಕೆ ಹೋದಳು. ಹಬ್ಬದ ದಿನ, ಹೊಸ ಸೀರೆಯಲ್ಲಿ. ನಾನು ಸ್ವಲ್ಪ ಹೊತ್ತು ಬಿಟ್ಟು ಹೋದೆ. ಹಂದರದ ಕೆಳಗೆ ನಿಂತು ಒಣಗಿದ ಎಲೆ ಒಂದೊಂದೇ ತೆಗೆಯುತ್ತಿದ್ದಳು. ನನ್ನನ್ನು ನೋಡಿದಳು, ಕೆಲಸ ನಿಲ್ಲಿಸಲಿಲ್ಲ.

ಎಪ್ಪತ್ತೆರಡರ ಬರದಲ್ಲಿ ಊರಿನ ಎಲ್ಲ ಬಾವಿಗಳೂ ಕೈಬಿಟ್ಟಾಗ ನಮ್ಮ ಹಿರೇಬಾವಿ ಬಿಡಲಿಲ್ಲ. ನಾನು ಆಗ ಹದಿನೆಂಟರ ಸೊಸೆ. ಓಣಿ ಓಣಿಯ ಹೆಂಗಸರು ಸಾಲು ಹಚ್ಚುತ್ತಿದ್ದರು. ಕುಬೇರಪ್ಪನ ತಾಯಿ ಮತ್ತು ನಾನು ಎದುರುಬದುರು ನಿಂತು ಹಗ್ಗ ಜಗ್ಗುತ್ತಿದ್ದೆವು. ಯಾರ ಮನೆ, ಯಾವ ಜಾತಿ ಅಂತ ಕೇಳದೆ ಸೇದಿ ಹಾಕು ಅಂತ ಮಾವನವರ ಹುಕುಂ ಇತ್ತು. ಆ ಬಾವಿಯ ತಗಡು ತೆಗೆದು ಊರಿಗೆ ಏನಂತ ತೋರಿಸಲಿ?

ಅದೇ ಊರಿಗೆ ಮೂರು ನಿಮಿಷ ಕೊಡಿ ಅಂತ ಕೇಳುತ್ತಿದ್ದೇನೆ.

ನಾಡಿದ್ದು ಹೇಳಿ ಕಳಿಸುತ್ತೇನೆ, ಬರಲಿ.

ಏಪ್ರಿಲ್ ೩, ಗುರುವಾರ

ಬಂದರು. ಮುಂಜಾನೆ ಎಂಟಕ್ಕೆಲ್ಲ ಮೂವತ್ತು ಮಂದಿಯ ಮೇಲೆ. ಹುಸೇನಬಾಷಾ, ಸೋಮಪ್ಪ, ಕುಬೇರಪ್ಪ, ಅವನ ಐವರು. ವಿದ್ಯಾ ಗಾಡಿಯ ಮೇಲೆ ಬಂದಳು. ಗಂಡಸರು ಬಾವಿಯಿಂದ ನಾಲ್ಕು ಮಾರು ದೂರ ನಿಂತರು, ಸತ್ತವರ ಮನೆಯ ಮುಂದೆ ನಿಂತ ಹಾಗೆ.

ಶಿವಯೋಗೀಶ ತಗಡಿಗೆ ಕೈ ಹಾಕಲು ಬಂದ. ಬೇಡ ಅಂದೆ. ನಾನೊಂದು ಕಡೆ, ನಾಗರತ್ನಾ ಒಂದು ಕಡೆ ಹಿಡಿದು ಎಳೆದೆವು. ಒಳಗಿಂದ ಎರಡು ಪಾರಿವಾಳ ಎದ್ದು ಹೋದವು.

ಒಬ್ಬೊಬ್ಬರೇ ಬಂದು ಇಣುಕಿದರು. ನಾನೂ ನೋಡಿದೆ, ಎರಡು ತಿಂಗಳಲ್ಲಿ ಮೊದಲ ಸಲ. ತಳದ ಮಣ್ಣು ಬಿರಿದು ಹೆಂಚಿನ ಹಾಗೆ ಮೇಲೆ ಎದ್ದಿತ್ತು. ಮೆಟ್ಟಿಲ ಸಂದಿಯಲ್ಲಿ ಒಂದು ಹಳೆಯ ಕೊಡದ ಕಂಠ. ಅಷ್ಟು ಆಳ ಅಂತ ಯಾರಿಗೂ ಗೊತ್ತಿರಲಿಲ್ಲ. ನೀರು ಇದ್ದಾಗ ತಳ ಯಾರು ನೋಡಿದ್ದರು?

ವಿದ್ಯಾ ಹತ್ತಿರ ಬಂದಳು. "ಅಜ್ಜಿ, ಫೋಟೋ ಆಯಿತು. ಆದರೆ ಹಳೆಯ ಹೇಳಿಕೆ ನಿಮ್ಮದು. ಬದಲಿಸಬೇಕಾದರೆ ನೀವೇ ಹೇಳಬೇಕು."

"ನಾ ಹೇಳ್ಲೇನ್ರಿ ಅತ್ತಿ?" ಅಂತ ನಾಗರತ್ನಾ ಕೇಳಿದಳು. ಮೆತ್ತಗೆ, ನನಗೆ ಮಾತ್ರ ಕೇಳುವ ಹಾಗೆ.

"ಬ್ಯಾಡ. ಸಹಿ ನಂದೈತಿ."

ಹೇಳಲು ಬಾಯಿ ತೆರೆದೆ. ನಾಲಿಗೆ ತಾನೇ ಹೆಚ್ಚ್ಯಾವ ಅನ್ನುವ ಕಡೆ ಹೊರಳಿತು. ನಮ್ಮ ಯಜಮಾನರು ಹೋದಾಗಲೂ ಶಿವನ ಪಾದ ಸೇರಿದರು ಅಂದವಳು ನಾನು. ಬಂದವರು ಕೇಳಿದರೆ ಹೊರಗೆ ಹೋಗಿದ್ದಾರೆ ಅನ್ನುವ ಹಾಗೆ ಹೇಳುತ್ತಿದ್ದೆ. ಹದಿನಾಲ್ಕು ವರ್ಷ ಆ ಒಂದು ಮಾತನ್ನು ಬಾಯಿಗೆ ತಂದಿರಲಿಲ್ಲ.

"ಇಲ್ಲ" ಅಂದೆ. "ನೀರಿಲ್ಲವ್ವಾ. ನಮ್ಮ ಬಾವ್ಯಾಗ ನೀರು ಇಲ್ಲ. ಬರ್ಕೋ."

ಅವಳು ಬರೆದುಕೊಂಡಳು. ಸಹಿ ಹಾಕಿದೆ. ಅಕ್ಷರ ಸೊಟ್ಟಗಾದವು.

ಕುಬೇರಪ್ಪ ಬಾವಿಯ ಕಟ್ಟೆಯನ್ನು ಮುಟ್ಟಿ ಕೈ ಹಣೆಗೆ ಹಚ್ಚಿಕೊಂಡ. ಕಾಗದ ಕಟ್ಟೆಯ ಮೇಲೆಯೇ ಇಟ್ಟು ಸಹಿ ಹಾಕಿದ. ಅವನ ಐವರೂ ಹಾಕಿದರು. ಹೊರಡುವಾಗ ನಾನೇ ಕರೆದೆ.

"ಕುಬೇರಪ್ಪ, ನಾ ಅವತ್ತ ಆಡಿದ್ದು ತಪ್ಪು. ನಿಮ್ಮವ್ವಗ ಹೇಳಬೇಕಾಗಿತ್ತು. ಅಕಿ ಇದ್ದಾಗ ಹೇಳಲಿಲ್ಲ."

"ಹೌದ್ರಿ ಈರವ್ವಾರ" ಅಂದ. "ಅಕಿಗೆ ಹೇಳಬೇಕಾಗಿತ್ತು."

ಅಷ್ಟೇ ಅಂದ. ಹೋದ.

ಮೂವತ್ತೊಂಬತ್ತು ಸಹಿ. ನಾಳೆ ನಾಗರತ್ನಾ ಹೋಗಿ ಆಫೀಸಿಗೆ ಕೊಟ್ಟು ಬರುತ್ತಾಳೆ. ತಗಡು ಮತ್ತೆ ಮುಚ್ಚಬೇಕೋ ಅಂತ ಶಿವಯೋಗೀಶ ಕೇಳಿದ. ಕರು ನಿಜಕ್ಕೂ ಬೀಳಬಹುದು, ಬೇಲಿ ಹಾಕು ಅಂದೆ.

ಏಪ್ರಿಲ್ ೧೯, ಶನಿವಾರ

ನಮ್ಮ ಬದುವಿನಲ್ಲಿ ಪೈಪಿಗೆ ತೂತು ಹಾಕಿ ವಾಲ್ವು ಕೂಡಿಸಿ ಹೋದರು. ಪ್ರತಿ ಗುರುವಾರ ಮುಂಜಾನೆ ಏಳಕ್ಕೆ ನಮ್ಮ ಪಾಳಿ. ಇಂದು ಚಾಟ್ನಿ ಆಯಿತು. ಕುಡಿ ಒಡೆಯುವ ಯಾವ ಕಣ್ಣಿನ ಮೇಲೆ ಕತ್ತರಿ ಹಾಕಬೇಕು ಅಂತ ನಾಗರತ್ನಾ ಆಳುಗಳಿಗೆ ತೋರಿಸಿದಳು, ನನಗೂ ತೋರಿಸಿದಳು. ನಾನು ಒಂದು ಸಾಲು ಮಾಡಿದೆ. ಎರಡು ಕಡೆ ತಪ್ಪಿತು. ಸುಮ್ಮನೆ ಬಂದು ಸರಿ ಮಾಡಿ ಹೋದಳು. ಕತ್ತರಿಸಿದ ಬಳ್ಳಿಗಳು ಮೊಂಡಾಗಿ ನಿಂತಿವೆ. ಗುರುವಾರದವರೆಗೆ ಇವು ತಡೆಯಬೇಕು.

ಏಪ್ರಿಲ್ ೨೪, ಗುರುವಾರ

ಏಳಕ್ಕೆ ಐದು ನಿಮಿಷ ಇರುವಾಗಲೇ ಮೂವರೂ ವಾಲ್ವಿನ ಹತ್ತಿರ ನಿಂತೆವು. ಹೊಲವನ್ನು ನಾಲ್ಕು ಪಟ್ಟಿ ಮಾಡಿದ್ದಾರೆ, ಒಂದಾದ ಮೇಲೆ ಒಂದಕ್ಕೆ ನೀರು. ನಮಗೆ ಒಂದು ತಾಸು ಐವತ್ತೇಳು ನಿಮಿಷ. ನಾಗರತ್ನಾ ತಿರುವಿದಳು. ಮೊದಲು ಗಾಳಿ ಬುಸುಗುಟ್ಟಿತು. ಹನಿ ನೀರಾವರಿಯ ಒಣಗಿದ ನಳಿಗೆಗಳು ತುಂಬುವುದಕ್ಕೇ ಬಹಳ ಹೊತ್ತು ಹಿಡಿಯಿತು. ಆಮೇಲೆ ಒಂದೊಂದು ಬಳ್ಳಿಯ ಬುಡದಲ್ಲೂ ಹನಿ ಕಾಣಿಸಿತು. ಬಗ್ಗಿ ಅಂಗೈಯಲ್ಲಿ ಹಿಡಿದು ಮೂಸಿ ನೋಡಿದೆ. ನೀರಿನ ವಾಸನೆ, ಅಷ್ಟೇ.

ಮೂರು ಪಟ್ಟಿ ತೊಯ್ದವು. ನಾಲ್ಕನೆಯದಕ್ಕೆ ಬಿಟ್ಟು ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಗಡಿಯಾರದಲ್ಲಿ ಎಂಟು ಐವತ್ತೇಳಾಯಿತು. ನಾನು ವಾಲ್ವಿಗೆ ಕೈ ಹಾಕಿದೆ.

"ಯವ್ವಾ, ಇನ್ನೊಂದ ಐದ ನಿಮಿಷ ಬಿಡು. ಆ ಬಳ್ಳಿ ನೋಡು ಹೆಂಗದಾವ. ಯಾರು ನೋಡಾಕತ್ತಾರ?" ಅಂತ ಶಿವಯೋಗೀಶ ಅಂದ.

"ನಾ ನೋಡಾಕತ್ತೇನಿ" ಅಂದೆ. "ಒಬ್ಬೊಬ್ಬರ ಕಡಿಂದ ಮೂರ ಮೂರ ನಿಮಿಷ ಬೇಡಿ ತಂದಾಕಿ ನಾನು. ಎಷ್ಟೆಷ್ಟು ಕೊಟ್ಟಾರ ನನಗ ಗೊತ್ತೈತಿ."

ತಿರುವಿ ಮುಚ್ಚಿದೆ. ಬಿಗಿ ಇತ್ತು, ನಾಗರತ್ನಾ ನನ್ನ ಕೈಯ ಮೇಲೆ ಕೈ ಇಟ್ಟು ಒತ್ತಿದಳು. ಮಗ ಮುಖ ತಿರುಗಿಸಿಕೊಂಡು ಮನೆಗೆ ಹೋದ. ಕೊನೆಯ ಪಟ್ಟಿಯ ಅರ್ಧಕ್ಕರ್ಧ ಬಳ್ಳಿ ಒಣಗಿದ ಬುಡದಲ್ಲೇ ನಿಂತವು. ಅವುಗಳಲ್ಲಿ ಎಷ್ಟು ಉಳಿಯುತ್ತವೋ ಎಷ್ಟು ಹೋಗುತ್ತವೋ, ಈಗಲೇ ಹೇಳಲಾಗದು.

"ಮುಂದಿನ ವಾರ ಈ ಕಡಿಂದ ಸುರು ಮಾಡೂಣ್ರಿ ಅತ್ತಿ" ಅಂದಳು ನಾಗರತ್ನಾ.

ಹೂಂ ಅಂದೆ. ಆ ಒಣ ಸಾಲುಗಳನ್ನು ಒಮ್ಮೆ ನೋಡಿ ಬರೋಣ ಅಂತ ಹೆಜ್ಜೆ ಇಟ್ಟೆ.

"ಎಲ್ಲಿ ಹೊಂಟ್ರಿ? ನಡುವ ಎಲ್ಲಾ ಕೆಸರೈತಿ, ಜಾರ್ತೀರಿ. ಕೂಡ್ರಿ ಇಲ್ಲೆ."

ಬದುವಿನ ಮೇಲೆ ಕೂತೆ. ಅವಳೂ ಕೂತಳು. ಪೈಪಿನಲ್ಲಿ ನೀರು ನಮ್ಮನ್ನು ದಾಟಿ ಸೋಮಪ್ಪನ ಹೊಲಕ್ಕೆ ಹೋಗುವ ಸಪ್ಪಳ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ಮೊದಲ ಸಾಲು ಕಪ್ಪಗೆ ತೊಯ್ಯತೊಡಗಿತು.